ಫೈಲುಗಳ ಭೋಗಿ

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಬೇಕಾದ್ದೆಲ್ಲ ಸಿಗುತ್ತದೆ; ಬೇಡವಾದ್ದನ್ನು ಬಿಸಾಡಲು ಮಾತ್ರ ಜಾಗ ಸಿಗುವುದಿಲ್ಲ. ಬಡಿ ಚೌಡಿಯ ಓಣಿಯಲ್ಲಿ ಒಂದು ಹಳೇ ಸೀರೆಯನ್ನು ಕಟ್ಟೆಯ ಮೇಲಿಟ್ಟು ನೋಡಿ. ಅದು ಕಸವಾಗುವ ಮೊದಲೇ ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು, ಇಂಥವು ಇನ್ನು ನಾಲ್ಕು ಕೊಟ್ಟರೆ ಒಂದು ಸ್ಟೀಲ್ ಡಬ್ಬಿ ಕೊಡುತ್ತೇನೆಂದು ಕೂತುಬಿಡುತ್ತಾಳೆ. ಸೀರೆ ಹೋಗುತ್ತದೆ, ಡಬ್ಬಿ ಬರುತ್ತದೆ, ಅಟ್ಟದ ಭಾರ ಇದ್ದಷ್ಟೇ ಇರುತ್ತದೆ. ಓದಿ ಮುಗಿದ ಪುಸ್ತಕಗಳು ಕೋಠಿಯ ಫುಟ್‌ಪಾತಿಗೆ ಹೋಗಿ ಅಲ್ಲಿಂದ ಇನ್ನೊಬ್ಬರ ಚೀಲ ಸೇರುತ್ತವೆ. ಸತ್ತ ಚಾರ್ಜರುಗಳಿಗೂ ಗುಜರಾತಿ ಗಲ್ಲಿಯಲ್ಲಿ ಸ್ಕ್ರೂ ಡ್ರೈವರ್ ಹಿಡಿದ ಹುಡುಗರು ಕಾದಿರುತ್ತಾರೆ.

ಈ ಪೇಟೆಗೇ ಅಳಿದುಹೋಗುವ ಅಭ್ಯಾಸವಿಲ್ಲ. ಬ್ರಿಟಿಷ್ ರೆಸಿಡೆಂಟರ ಬಂಗಲೆಯ ನೆರಳಲ್ಲಿ ಬೆಳೆದದ್ದರಿಂದ ಮೊದಲು ಇದು ರೆಸಿಡೆನ್ಸಿ ಬಜಾರ್. 1933ರಲ್ಲಿ ಇದು ನಿಜಾಮರ ಕೈಗೆ ಮರಳಿತು, ಸುಲ್ತಾನ್ ಬಜಾರ್ ಆಯಿತು. ಕಂಪ್ಯೂಟರಿನವರು ಇದನ್ನು ರಿನೇಮ್ ಅನ್ನುತ್ತಾರೆ: ಫೋಲ್ಡರಿನ ಹೆಸರು ಬದಲಾಯಿತು, ಒಳಗಿನ ಬಳೆ, ಬ್ಲೌಸ್ ಪೀಸು, ಚೌಕಾಸಿ ಹಾಗೇ ಉಳಿದವು. ಇಲ್ಲಿಯ ತೆಲುಗು ಗ್ರಂಥಾಲಯ 1901ರಿಂದ ಶ್ರೀಕೃಷ್ಣದೇವರಾಯರ ಹೆಸರಲ್ಲೇ ನಡೆದಿದೆ. ರಾಯರು ನಮ್ಮವರೋ ಅವರವರೋ ಎಂಬ ಚರ್ಚೆಯನ್ನೂ ಯಾರೂ ಅಳಿಸಿಲ್ಲ. 2020ರ ಫೆಬ್ರವರಿಯಿಂದ ಎಲ್ಲರ ತಲೆಯ ಮೇಲೆ ಮೆಟ್ರೋ ಓಡುತ್ತಿದೆ. ಅದು ಬರಬಾರದೆಂದು ವರ್ಷಗಟ್ಟಲೆ ಹೋರಾಡಿದ ವ್ಯಾಪಾರಿಗಳು ಈಗ ಸ್ಟೇಷನ್ನಿನಿಂದ ಇಳಿದವರನ್ನು "ಆಯಿಯೇ ಬೆಹೆನ್" ಎಂದು ಕರೆಯುತ್ತಾರೆ.

ಇಂಥ ಪೇಟೆಯ ಮಗ್ಗುಲಲ್ಲಿ ಮನೆ ಮಾಡಿದವರ ಕಂಪ್ಯೂಟರ್ ಹೇಗಿರಬೇಕೋ ನಮ್ಮದೂ ಹಾಗೇ ಇತ್ತು. ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡುವ ಅಕ್ಕನ ಮಗ ಒಂದು ಭಾನುವಾರ ಊಟಕ್ಕೆ ಬಂದವನು ಅದನ್ನು ತೆರೆದು ನೋಡಿ, ರೋಗಿಯ ನಾಲಗೆ ನೋಡಿದ ವೈದ್ಯರ ಹಾಗೆ ಮುಖ ಮಾಡಿದ.

"ಮಾಮಾ, ಸಿ ಡ್ರೈವ್ ಪೂರ್ತಿ ಕೆಂಪಾಗ್ಯಾದ. ಒಂದೇ ಕರೆಂಟ್ ಬಿಲ್ ಐದು ಸಲ ಡೌನ್‌ಲೋಡ್ ಮಾಡೀರಿ!"

"ಒಂದು ಸಿಗದಿದ್ದರ ಇನ್ನೊಂದು ಸಿಗಲಿ ಅಂತ," ಅಂದೆ.

ಅವನು ಅದಕ್ಕೆ ಉತ್ತರಿಸದೆ, ಬೇಡವಾದ ಫೈಲುಗಳನ್ನು ವೇಳಾಪಟ್ಟಿಯಂತೆ ತಾನೇ ಅಳಿಸುವ ವ್ಯವಸ್ಥೆಯೊಂದನ್ನು ಜಾರಿಗೆ ತರಲು ಕೂತ. ಅದಕ್ಕೆ ಹೊರಗಿನಿಂದ ಏನೂ ತರಬೇಕಾಗಿರಲಿಲ್ಲ. ವಿಂಡೋಸ್ 10ರೊಳಗೆ 2017ರಿಂದಲೇ ಸ್ಟೋರೇಜ್ ಸೆನ್ಸ್ ಎಂಬುದೊಂದು ಕೂತಿದೆ. ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಅಥವಾ ಡಿಸ್ಕು ತುಂಬುತ್ತ ಬಂದಾಗಲೋ ಎದ್ದು ಬಂದು, ತಾತ್ಕಾಲಿಕ ಫೈಲುಗಳನ್ನೂ ರಿಸೈಕಲ್ ಬಿನ್ನಿನಲ್ಲಿ 30 ದಿನ ಕಳೆದದ್ದನ್ನೂ ಗುಡಿಸಿ ಹೋಗುತ್ತದೆ. ಲಿನಕ್ಸಿನವರಲ್ಲಿ ಈ ಶಿಸ್ತು ಇನ್ನೂ ಹಳೆಯದು. ಗೊತ್ತಾದ ಹೊತ್ತಿಗೆ ಗೊತ್ತಾದ ಕೆಲಸ ಮಾಡುವ ಕ್ರಾನ್ ಎಂಬ ಕಾವಲುಗಾರ ಯುನಿಕ್ಸ್ ಕಾಲದಿಂದ, ಅಂದರೆ 1970ರ ದಶಕದಿಂದ, ರಾತ್ರಿ ಪಾಳಿಯಲ್ಲಿದ್ದಾನೆ. ಅನೇಕ ಲಿನಕ್ಸ್ ಯಂತ್ರಗಳಲ್ಲಿ ಟೆಂಪ್ ಫೋಲ್ಡರಿಗೆ ಬಂದ ಫೈಲನ್ನು 10 ದಿನ ಯಾರೂ ಮುಟ್ಟದಿದ್ದರೆ ಅದಕ್ಕೆ ಬಾಗಿಲು ತೋರಿಸಲಾಗುತ್ತದೆ. ನಮ್ಮ ಮನೆಗೆ ಬರುವ ನೆಂಟರಿಗೂ ಇಂಥದೊಂದು ಕಾನೂನು ಇದ್ದಿದ್ದರೆ ಎಂದು ಮನೆಯಾಕೆ ಹೇಳಿದಳು. ಅಕ್ಕನ ಮಗನೆದುರು ಆ ಮಾತು ಆಡಬಾರದಿತ್ತು.

"ಒಮ್ಮೆ ಸೆಟ್ ಮಾಡಿದ ಮ್ಯಾಲೆ ನೀವು ಅದರ ಕಡಿ ನೋಡೋದೇ ಬ್ಯಾಡ ಮಾಮಾ," ಎಂದ ಅವನು. ಆ ಮಾತೇ ನನಗೆ ಸ್ವಲ್ಪ ಅಳುಕು ಹುಟ್ಟಿಸಿತು. ಮನೆಯೊಳಗೆ ಬಂದು ಸಾಮಾನು ಒಯ್ಯುವವನ ಕಡೆ ನೋಡಲೇಬೇಡ ಎಂದರೆ ಹೇಗೆ? 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಬಂದಾಗ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳೇ ಮಾಯವಾದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಆ ಅಪ್‌ಡೇಟನ್ನು ತಡೆಹಿಡಿಯಬೇಕಾಯಿತು.

ವೇಳಾಪಟ್ಟಿ ಹಾಕಿ ಬಿಸಾಡುವುದು ಕಂಪ್ಯೂಟರಿನವರು ಕಂಡುಹಿಡಿದದ್ದೇನಲ್ಲ. ನಮ್ಮ ಓಣಿಯ ತೆಲುಗರು ಅದನ್ನು ಪ್ರತಿ ಜನವರಿಯಲ್ಲಿ ಮಾಡುತ್ತಾರೆ. ಸಂಕ್ರಾಂತಿಯ ಹಿಂದಿನ ದಿನ ನಸುಕಿನಲ್ಲಿ ಭೋಗಿ ಮಂಟ ಹಾಕುತ್ತಾರೆ: ಕಾಲು ಮುರಿದ ಕುರ್ಚಿ, ಹರಿದ ಚಾಪೆ, ಸವೆದ ಕಸಬರಿಗೆ ಎಲ್ಲ ಬೆಂಕಿಗೆ. ನಮ್ಮ ಕಲಬುರ್ಗಿ, ರಾಯಚೂರು ಕಡೆಯ ಭೋಗಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಲ್ಲ ಕಾಯಿಪಲ್ಲೆ ಕೂಡಿಸಿದ ಭಜ್ಜಿ. ಅವರದು ಸುಡುವ ಭೋಗಿ, ನಮ್ಮದು ಉಣ್ಣುವ ಭೋಗಿ. ಎರಡು ಕಡೆಯ ರೀತಿಯನ್ನೂ ಕಂಡ ನಮ್ಮ ಅವ್ವ ನೆರೆಯವರ ಮಾತು ಮೀರಲಾರದೆ ಪ್ರತಿವರ್ಷ ಒಂದು ಮುರುಕು ಮಣೆಯನ್ನು ಹೊರಗಿಡುತ್ತಿದ್ದಳು. ಬೆಂಕಿ ಹೊತ್ತಿಸುವ ಮೊದಲು "ಇರ್ಲಿ ಬಿಡಪ್ಪ, ಯಾವಾಗರೆ ಬೇಕಾಗ್ತದ" ಎಂದು ಒಳಗೆ ತಂದುಬಿಡುತ್ತಿದ್ದಳು. ಆ ಮಣೆ ಎಷ್ಟೋ ಭೋಗಿಗಳನ್ನು ಕಂಡು ಈಗಲೂ ಅಟ್ಟದಲ್ಲಿದೆ.

ಆದರೆ ಭೋಗಿಯಲ್ಲೊಂದು ಅನುಕೂಲವಿದೆ. ದಿನ ಪಂಚಾಂಗದ್ದು, ಯಾವುದನ್ನು ಸುಡಬೇಕೆಂಬುದು ಮನೆಯವರದು. ಹಿಂದಿನ ಸಂಜೆ ಒಂದೊಂದನ್ನೂ ಎತ್ತಿ, ತಿರುಗಿಸಿ, ಇದು ಯಾರದು, ಯಾವಾಗ ಬಂತು ಎಂದು ನೆನೆದು, ಜಗಳಾಡಿ ಹೊರಗೆ ಹಾಕುತ್ತಾರೆ. ನನ್ನ ಕಂಪ್ಯೂಟರಿನ ಭೋಗಿಯಲ್ಲಿ ಆ ಸಂಜೆಯೇ ಇಲ್ಲ. ಅದಕ್ಕೆ ಗೊತ್ತಿರುವುದು ಫೈಲಿನ ವಯಸ್ಸೊಂದೇ.

ಪಕ್ಕದ ಮನೆಯ ಗಾರು ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವಯಸ್ಸು ನೋಡಿ ಬಿಸಾಡುವ ಮಾತು ಎತ್ತಿದ್ದೇ ತಡ, ಅವರಿಗೆ ಹುರುಪು ಬಂತು. ಈ ಕಡೆಯ ಕಚೇರಿಗಳಲ್ಲಿ ಫೈಲಿನ ಕೆಲಸ ಮುಗಿದ ದಿನವೇ ಅದರ ಆಯುಷ್ಯ ಬರೆದಿಡುತ್ತಾರಂತೆ. ಆರ್ ಡಿಸ್ ಎಂದರೆ ಚಿರಂಜೀವಿ, ಡಿ ಡಿಸ್ ಎಂದರೆ 10 ವರ್ಷ, ಎಲ್ ಡಿಸ್ ಎಂದರೆ ಒಂದೇ ವರ್ಷ. ದಾಖಲೆ ನಾಶಕ್ಕೆಂದೇ 1917ರಲ್ಲಿ ಬ್ರಿಟಿಷರು ಒಂದು ಕಾಯಿದೆ ಮಾಡಿದ್ದರು. ಕೇಂದ್ರ ಸರ್ಕಾರದ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಗೆ 1997ರಲ್ಲಿ ಬಂದ ನಿಯಮಗಳಂತೂ ಇನ್ನೂ ಬಿಗಿ. ಪ್ರತಿವರ್ಷ ಜನವರಿಯಲ್ಲಿ ಮುಗಿದ ಫೈಲುಗಳನ್ನು ವಿಂಗಡಿಸಬೇಕು. 25 ವರ್ಷ ದಾಟಿದ್ದನ್ನು ಪರಿಶೀಲಿಸದೆ ನಾಶ ಮಾಡುವಂತಿಲ್ಲ. ನಾಶ ಮಾಡುವುದಾದರೆ ರೆಕಾರ್ಡ್ಸ್ ಆಫೀಸರರ ಎದುರಿಗೇ ಚೂರು ಮಾಡಬೇಕು ಇಲ್ಲವೆ ಸುಡಬೇಕು.

"ಜನವರಿಯಲ್ಲೇ ಸುಡಬೇಕಾ?" ಎಂದು ಕೇಳಿದೆ.

"ವಿಂಗಡಿಸುವುದು ಜನವರಿಯಲ್ಲಿ. ಸುಡುವುದು ಆಫೀಸರ್ ಸಿಕ್ಕಾಗ," ಎಂದರು ಗಾರು.

ಫೈಲುಗಳ ವಿಷಯದಲ್ಲಿ ನಮ್ಮ ಮನೆತನಕ್ಕೊಂದು ಋಣವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ತೆಲಂಗಾಣ ಆಂಧ್ರವನ್ನೂ ಮರಾಠವಾಡ ಮುಂಬಯಿಯನ್ನೂ ಗುಲಬರ್ಗಾ, ಬೀದರ, ರಾಯಚೂರು ಮೈಸೂರನ್ನೂ ಸೇರಿದವು. ತಮ್ಮ ಕಾಗದಗಳ ಬೆನ್ನುಹತ್ತಿ ಹೋದ ಗುಮಾಸ್ತರಿದ್ದರು, ಇಲ್ಲೇ ಉಳಿದವರಿದ್ದರು. ಉಳಿದವರ ಮೊಮ್ಮಕ್ಕಳು ನಾವು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖ್ಖನಿ. ಹೀಗಾಗಿ ನನ್ನ ಕಂಪ್ಯೂಟರಿನಲ್ಲಿ ಕನ್ನಡದ್ದೊಂದು ಹಳೇ ಫೋಲ್ಡರ್ ಇತ್ತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕೇಳಿದ ಭಾಷಣಗಳ ಟಿಪ್ಪಣಿ, ಮದುವೆ ಮುಂಜಿವೆಗಳ ಕರೆಯೋಲೆ, ಅವ್ವ ಹೇಳಿ ಬರೆಸಿದ ಸಂಬಂಧಿಕರ ವಂಶಾವಳಿ. ಎಲ್ಲವೂ ಯುನಿಕೋಡ್ ಮನೆಮಾತಾಗುವ ಮೊದಲು ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದವು.

ಅಕ್ಕನ ಮಗ ಅದರಲ್ಲೊಂದನ್ನು ತೆರೆದ. ಹಳೇ ನುಡಿಯ ಫಾಂಟು ಹೊಸ ವಿಂಡೋಸಿನಲ್ಲಿ ಇಲ್ಲದಿದ್ದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳಾಗಿ, ಒಂದಕ್ಕೆ ಟೋಪಿ, ಒಂದಕ್ಕೆ ಬಾಲ, ಒಂದರ ನೆತ್ತಿಗೆ ಎರಡು ಚುಕ್ಕೆ ಇಟ್ಟುಕೊಂಡು ಬಂದು ನಿಲ್ಲುತ್ತದೆ.

"ಮಾಮಾ, ಈ ಫೈಲ್ ಕೆಟ್ಟುಹೋಗ್ಯಾವ. ವೈರಸ್ ಇರಬೇಕು. ಹತ್ತು ವರ್ಷದಿಂದ ಯಾರೂ ತೆಗದೂ ಇಲ್ಲ."

"ಅದು ವೈರಸ್ ಅಲ್ಲೋ, ನಿಮ್ಮ ಮುತ್ತಜ್ಜ," ಎಂದೆ.

ಈ ಗೊಂದಲಕ್ಕೆ ಮದ್ದಿದೆ. ಹಳೇ ನುಡಿ, ಬರಹದ ಸಂಕೇತವನ್ನು ಯುನಿಕೋಡಿಗೆ ಬದಲಿಸಿಕೊಡುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ವಂಶಾವಳಿಯನ್ನು ಅದರೊಳಗೆ ಹಾಕಿ ತೆಗೆದೆ. ಟೋಪಿ, ಬಾಲ ಉದುರಿ ಮುತ್ತಜ್ಜ, ಅವರ ಇಬ್ಬರು ಹೆಂಡಿರು, ಲಿಂಗಸೂಗೂರಿನ ದಾಯಾದಿಗಳು ಎಲ್ಲ ಸ್ಪಷ್ಟ ಕನ್ನಡದಲ್ಲಿ ಎದ್ದು ಬಂದರು. ಹೆಮ್ಮೆಯಿಂದ ಅವನ ಕಡೆ ನೋಡಿದೆ. ಹುಡುಗ ಓದಿದ್ದು ಇಂಗ್ಲಿಷ್ ಮಾಧ್ಯಮ, ಎರಡನೆಯ ಭಾಷೆ ತೆಲುಗು. ಅವನಿಗೆ ಮೊದಲಿನ ಪರದೆಯೂ ಈಗಿನ ಪರದೆಯೂ ಒಂದೇ. ಪಾಪ, ಆದರೂ "ಈಗ ಚಂದ ಕಾಣ್ತದ ಮಾಮಾ" ಅಂದ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ವರ್ಷ ಮುಟ್ಟದ ಫೈಲು, ಓದಲು ಬಾರದ ಅಕ್ಷರ, ಎಲ್ಲ ಲಕ್ಷಣವೂ ಕಸದ್ದೇ. ಬೇಡ ಎಂಬುದು ಫೈಲಿನ ಮೇಲೆ ಬರೆದಿರುವುದಿಲ್ಲ. ಅದು ಹುಟ್ಟುವುದು ಮನೆಯವರ ಬಾಯಲ್ಲಿ, ಅದೂ ದಿನಕ್ಕೊಂದು ತರಹ. ಆ ವಂಶಾವಳಿ ಹತ್ತು ವರ್ಷ ಯಾರಿಗೂ ಬೇಕಿರಲಿಲ್ಲ. ಅದೇ ವಾರ ಅಕ್ಕನ ಮಗನಿಗೆ ಹೆಣ್ಣು ನೋಡಲು ಹೊರಟಾಗ ಗೋತ್ರ, ಸೋದರಿಕೆ ಹುಡುಕಲು ಅಕ್ಕನೇ ಫೋನ್ ಮಾಡಿದಳು.

ಅಳಿಸಿದ್ದು ನಿಜವಾಗಿ ಅಳಿಯುತ್ತದೆಯೇ ಎಂಬುದು ಬೇರೆ ಮಾತು. ಡಾಸ್ ಕಾಲದ ಡಿಸ್ಕುಗಳಲ್ಲಿ ಫೈಲನ್ನು ಅಳಿಸಿದರೆ ಕಂಪ್ಯೂಟರ್ ಒಳಗಿನ ಬರಹವನ್ನು ಮುಟ್ಟುತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಹೆಸರಿನ ಮೊದಲ ಅಕ್ಷರ ತೆಗೆದು ಅಲ್ಲೊಂದು ಗುರುತು ಹಾಕಿ, ಈ ಜಾಗ ಖಾಲಿ ಇದೆ ಎಂದು ಸಾರುತ್ತಿತ್ತು, ಅಷ್ಟೇ. ಬೇರೊಂದು ಫೈಲು ಬಂದು ಅದೇ ಜಾಗದಲ್ಲಿ ಕೂರುವ ತನಕ ಹಳೆಯದು ಅಲ್ಲೇ ಇರುತ್ತಿತ್ತು. 1991ರ ಎಂಎಸ್ ಡಾಸ್ 5ರಲ್ಲಿ ಅದನ್ನು ಮರಳಿ ಪಡೆಯಲು ಹೊರಟರೆ, ಹೆಸರಿನ ಮೊದಲ ಅಕ್ಷರ ಯಾವುದೆಂದು ಕಂಪ್ಯೂಟರೇ ನಿಮ್ಮನ್ನು ಕೇಳುತ್ತಿತ್ತು. ಕೋಠಿಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೊಂಡವರಿಗೆ ಇದು ಹೊಸದೆನಿಸದು: "ಪ್ರೀತಿಯಿಂದ" ಎಂದು ಬರೆದ ಮೊದಲ ಹಾಳೆಯನ್ನು ಮಾರಿದವರು ಹರಿದಿರುತ್ತಾರೆ, ಉಳಿದ ಪುಸ್ತಕ ಪೂರ್ತಿ ಇರುತ್ತದೆ. ಇಂದಿನ ಎಸ್‌ಎಸ್‌ಡಿಗಳು ಇಷ್ಟು ದಯಾಳುಗಳಲ್ಲ. ಅಳಿಸಿದ ಜಾಗವನ್ನು ಅವು ಬಿಡುವು ಸಿಕ್ಕಾಗ ಒಳಗಿಂದೊಳಗೆ ತೊಳೆದಿಡುತ್ತವೆ.

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳಲಾದೀತೆ? ಫೋನಿಗೆ ಬರುವ ಶುಭೋದಯದ ಚಿತ್ರಗಳ ವಿಷಯದಲ್ಲಿ ನಾನು ಯಂತ್ರದ ಕಡೆಯವನೇ. ಗುಲಾಬಿ, ಕಾಫಿ ಕಪ್ಪು, ಉದಯಿಸುವ ಸೂರ್ಯ, ಕೆಳಗೊಂದು ಸುಭಾಷಿತ. ನಮ್ಮ ದೇಶದವರ ಫೋನು ಇವುಗಳಿಂದಲೇ ತುಂಬಿ ನಿಲ್ಲುತ್ತಿದೆ ಎಂಬುದು ಗೂಗಲ್‌ನವರಿಗೂ ತಿಳಿದು, 2017ರ ಡಿಸೆಂಬರಿನಲ್ಲಿ ಫೈಲ್ಸ್ ಗೋ ಎಂಬ ಆ್ಯಪ್ ತಂದು ಅವನ್ನು ಗುರುತಿಸಿ ಅಳಿಸುವ ದಾರಿ ಮಾಡಿಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಸೂರ್ಯ ಬೆಳಿಗ್ಗೆ ಹುಟ್ಟಿ ಭಾನುವಾರ ಒಟ್ಟಿಗೆ ಮುಳುಗುತ್ತಾನೆ. ಮನೆಯಾಕೆ ಮಾತ್ರ ತನ್ನ ಸೋದರತ್ತೆ ಕಳಿಸಿದವನ್ನು ಅಳಿಸಲು ಬಿಡುವುದಿಲ್ಲ. ಆ ಅತ್ತೆ ಈಗಿಲ್ಲ. ಅವರ ಗುಲಾಬಿಗೂ ಉಳಿದವರ ಗುಲಾಬಿಗೂ ಇರುವ ವ್ಯತ್ಯಾಸ ಹೇಳಿಕೊಡಲು ಯಾವ ಆ್ಯಪಿನಲ್ಲೂ ಗುಂಡಿಯಿಲ್ಲ.

ಗುಜರಾತಿ ಗಲ್ಲಿಯ ಅಂಗಡಿಯವನಿಗೆ ಈ ತಾಪತ್ರಯವೆಲ್ಲ ಅರ್ಥವೇ ಆಗಲಿಲ್ಲ. "ಡಿಲೀಟ್ ಕಾಯ್ಕೂ ಕರ್ನಾ ಸಾಬ್? ಎರಡು ಟಿಬಿ ಹಾರ್ಡ್ ಡಿಸ್ಕ್ ತಗೊಂಡು ಹೋಗಿ, ರಖ್ ಲೋ" ಎಂದು ಎರಡು ಭಾಷೆಯಲ್ಲಿ ಮುಗಿಸಿದ. ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಫ್ಲಾಪಿ ಡ್ರೈವಿನ ಕೇಬಲುಗಳು ಇನ್ನೂ ಗಿರಾಕಿಗೆ ಕಾಯುತ್ತಿದ್ದವು. ಈ ಬಜಾರಿನ ಧರ್ಮವನ್ನು ಅವನು ಚೆನ್ನಾಗಿ ಪಾಲಿಸುತ್ತಿದ್ದ.

ಕೊನೆಗೆ ನಾನೂ ಅಕ್ಕನ ಮಗನೂ ರಾಜಿಯಾದೆವು. ತಾತ್ಕಾಲಿಕವಾಗಿಯೇ ಹುಟ್ಟಿದ ಫೈಲುಗಳನ್ನು ಯಂತ್ರ ತಿಂಗಳಿಗೊಮ್ಮೆ ಒಯ್ಯಲಿ. ಅವುಗಳ ಬಗ್ಗೆ ಯಾರಿಗೂ ದುಃಖವಿಲ್ಲ. ಬಿನ್ನಿಗೆ ನಾವೇ ಹಾಕಿದ್ದಕ್ಕೆ 60 ದಿನ ಗಡುವು. ಡೌನ್‌ಲೋಡ್ಸ್‌ಗೆ ಮಾತ್ರ "ಎಂದಿಗೂ ಬೇಡ". ಮೂಲದಲ್ಲಿ ಮೈಕ್ರೋಸಾಫ್ಟ್‌ನವರೂ ಅದನ್ನು ಹಾಗೆಯೇ ಇಟ್ಟಿದ್ದಾರೆ. ಅವರ ಮನೆಯಲ್ಲೂ ಒಬ್ಬ ಅವ್ವ ಇದ್ದಿರಬೇಕು. ಆ ಫೋಲ್ಡರನ್ನು ಭೋಗಿಯ ಹಿಂದಿನ ಸಂಜೆ ಎಲ್ಲರೂ ಕೂತು ಕೈಯಾರೆ ತೆಗೆದು ನೋಡುವುದೆಂದು ಠರಾಯಿಸಿದೆವು. ಕರೆಂಟ್ ಬಿಲ್ಲಿನ ನಾಲ್ಕು ನಕಲುಗಳು ಮೊದಲ ವರ್ಷವೇ ಹೋದವು.

ಈ ಏರ್ಪಾಡನ್ನು ಗಾರು ಮೆಚ್ಚಿದರೂ ಒಂದು ಕೊರತೆ ಎತ್ತಿ ತೋರಿಸಿದರು. ನಾಶ ಮಾಡಲಿರುವ ದಾಖಲೆಗಳ ಪಟ್ಟಿಯನ್ನು ಮಾತ್ರ ಶಾಶ್ವತವಾಗಿ ಕಾಪಾಡಬೇಕೆಂದು ಅದೇ 1997ರ ನಿಯಮಗಳು ಹೇಳುತ್ತವಂತೆ. ಸುಟ್ಟದ್ದು ಬೂದಿ, ಸುಟ್ಟದ್ದರ ಪಟ್ಟಿ ಚಿರಂಜೀವಿ. ನನಗೆ ಆ ನ್ಯಾಯ ಹಿಡಿಸಿತು. ಈಗ ಕಂಪ್ಯೂಟರಿನಲ್ಲಿ "ಅಳಿಸಿದ್ದು" ಎಂಬ ಫೈಲೊಂದನ್ನು ಮಾಡಿ, ನಾವು ಕೈಯಾರೆ ತೆಗೆದುಹಾಕಿದ ಪ್ರತಿಯೊಂದರ ಹೆಸರು, ತಾರೀಖು, ತೆಗೆದ ಕಾರಣ ಬರೆದಿಡುತ್ತೇನೆ. ಅದು ದಿನದಿಂದ ದಿನಕ್ಕೆ ದಪ್ಪಗಾಗುತ್ತಿದೆ. ಮೊನ್ನೆ ಅಕ್ಕನ ಮಗ ಅದನ್ನು ಕಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಮನೆಯಾಕೆ ಅಡಿಗೆಮನೆಯಿಂದಲೇ ಸಲಹೆ ಕೊಟ್ಟಳು:

"ಏನ್ರೀ, ಅದನ್ನ ಎರಡು ಪ್ರಿಂಟ್ ತಗದು ಬೀರುನಾಗ ಇಡ್ರಿ. ಕಂಪ್ಯೂಟರಿನ ಮ್ಯಾಲೆ ಭರೋಸಾ ಇಲ್ಲ."