ಪಟ್ಟಿ ಸಾಹುಕಾರರು

ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಒಂದು ಟವೆಲ್ ಕೊಂಡರೂ ಸಾಕು, ಬಿಲ್ಲಿಗಿಂತ ಮೊದಲು ಪ್ರಶ್ನೆ ಬರುತ್ತದೆ: 'ನಂಬರ್ ಹೇಳ್ರಿ ಸರ. ಮೇಲ್ ಐಡಿ ಇದ್ರ ಅದನ್ನೂ ಹೇಳಿಬಿಡ್ರಿ.' ಕೇಳುವವರು ಪಟ್ಟಿ ಸಾಹುಕಾರರು. ಸರಕು ಮಾರುವುದು ಇವರಿಗೆ ನೆಪ, ನಿಜವಾದ ದಂಧೆ ವಿಳಾಸ ಕೂಡಿಡುವುದು. ಗಲ್ಲಾದ ಪಕ್ಕ ಉದ್ದನೆಯ ರಿಜಿಸ್ಟರು, ಅದಕ್ಕೆ ದಾರದಲ್ಲಿ ಕಟ್ಟಿದ ಬಾಲ್‌ಪೆನ್ನು. ಪೆನ್ನು ಮೂಡುವುದಿಲ್ಲ, ಆದರೆ ಯಾರೂ ಜೇಬಿಗಿಳಿಸುವಂತಿಲ್ಲ. ರಾತ್ರಿ ಷಟರ್ ಎಳೆದ ಮೇಲೆ ದುಡ್ಡಿಗಿಂತ ಮೊದಲು ಹೆಸರು ಎಣಿಸುತ್ತಾರೆ. ಎದುರಂಗಡಿಯವನ ಪಟ್ಟಿ ಎರಡು ಸಾವಿರ ಮುಟ್ಟಿತೆಂದು ಕಿವಿಗೆ ಬಿದ್ದರೆ ಆವತ್ತು ರೊಟ್ಟಿ ಗಂಟಲಲ್ಲಿ ಇಳಿಯದು. ಮದುವೆಗೆ ಹೋದರೂ ಮುಯ್ಯಿ ಬರೆಯುವವನ ಪಕ್ಕದಲ್ಲೇ ಕೂತು ಆ ಪಟ್ಟಿಯ ಮೇಲೂ ಕಣ್ಣಾಡಿಸುತ್ತಾರೆ.

ಈ ಆಸ್ತಿಯನ್ನು ಸ್ವಲ್ಪ ತೂಗಿ ನೋಡೋಣ. ಕಂಪ್ಲಿಯ ಗಿರಾಕಿಯ ಮೇಲ್ ಐಡಿ ಎಂದರೆ ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಹುಡುಗನಿಗೆ ಮರೆತಿದೆ, ಗಿರಾಕಿಗೆ ಗೊತ್ತೇ ಇರಲಿಲ್ಲ. ಹಂಪಿಯ ಗೆಸ್ಟ್‌ಹೌಸ್ ರಿಜಿಸ್ಟರಿನಲ್ಲಿ ಸಿಗುವ ಐಡಿಗಳು ಅಸಲಿ, ಆದರೆ ಕೈಬರಹದಲ್ಲಿ ಎಲ್ ಅಕ್ಷರ ಯಾವುದು, ಒಂದು ಅಂಕಿ ಯಾವುದು ಎಂದು ವಿರೂಪಾಕ್ಷನೇ ಹೇಳಬೇಕು. ಸರಿಯಾಗಿ ಓದಿಸಿಕೊಂಡ ಐಡಿಯ ಪಾಡು ಇನ್ನೂ ಮಜಾ. ಒಂದು ಚಳಿಗಾಲ ಬಂಡೆ ಹತ್ತಿ ಸೂರ್ಯಾಸ್ತ ನೋಡಿ ಟೆಲ್ ಅವೀವ್‌ಗೆ ಮರಳಿದವನಿಗೆ ಗಣೇಶ ಚೌತಿಯ ಬೆಳಿಗ್ಗೆ ಪತ್ರ ಹೋಗುತ್ತದೆ: 'ಇಂದೇ ಭೇಟಿ ಕೊಡಿ, ಈ ಕೊಡುಗೆ ಸಂಜೆಯವರೆಗೆ ಮಾತ್ರ.'

ನನ್ನ ತಕರಾರು ಪಟ್ಟಿಯ ಮೇಲಲ್ಲ. ಹೆಸರಿನ ಮುಂದಿರುವ ಖಾಲಿ ಜಾಗದ ಮೇಲೆ. ಉತ್ತರ ಕರ್ನಾಟಕದ ಹೆಳವರು ಊರೂರಿನ ಮನೆತನಗಳ ವಂಶಾವಳಿ ಇಟ್ಟುಕೊಂಡು ಆ ಮನೆಗಳಿಗೇ ಹೋಗುತ್ತಾರೆ. ಮುತ್ತಜ್ಜನಿಂದ ಹಿಡಿದು ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ನಡೆಯುತ್ತಾರೆ. ಮನೆಯವರು ಕಾದು ಕೂರುತ್ತಿದ್ದ ಪಟ್ಟಿ ಅದು. ಸಾಹುಕಾರರ ತಂದೆಯ ಕಾಲದ ಉದ್ರಿ ಪುಸ್ತಕವೂ ಅಂಥದ್ದೇ. ಹೆಸರು ಕಡಿಮೆ, ಆದರೆ ಪ್ರತಿ ಹೆಸರಿನ ಎದುರು ಊರು, ಅಪ್ಪನ ಹೆಸರು, ಗದ್ದೆಗೆ ಕಾಲುವೆ ನೀರು ಬರುತ್ತದೋ ಇಲ್ಲವೋ, ಭತ್ತ ಕೊಯ್ಯುವುದು ಯಾವಾಗ, ಮಗಳ ಮದುವೆ ಯಾವ ತಿಂಗಳು ಎಲ್ಲ ಇರುತ್ತಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಅಂಥ ವಾರದಲ್ಲಿ ಕಂಪ್ಲಿಯ ರೈತನೊಡನೆ ಏನು ಮಾತಾಡಬೇಕು, ಏನು ಆಡಬಾರದು ಎಂದು ಉದ್ರಿ ಪುಸ್ತಕದವನಿಗೆ ಗೊತ್ತಿರುತ್ತಿತ್ತು. ಪಟ್ಟಿ ಸಾಹುಕಾರರಿಗೆ ಆ ರೈತ ಹತ್ತು ಅಂಕಿ, ಅಷ್ಟೇ. ನೀರು ಹರಿದುಹೋಗುತ್ತಿದ್ದರೂ ಅವನಿಗೆ 'ಆಫರ್‌ಗಳ ಮಹಾಪೂರ' ಕಳಿಸಿಯಾರು.

'ಉದ್ರಿ ಕೊಟ್ಟ ನಮ್ಮಪ್ಪ ಮುಳುಗಿದ್ದು ನಿಮಗೇನು ಗೊತ್ತು?' ಎಂದು ಸಾಹುಕಾರರು ಕೇಳಬಹುದು. ನ್ಯಾಯವಾದ ಮಾತು. ಆದರೆ ಮುಳುಗಿಸಿದ್ದು ಸಾಲ, ಗಿರಾಕಿಯ ಗುರುತಲ್ಲ. ಸಾಲ ಬಿಟ್ಟು ಗುರುತು ಇಟ್ಟುಕೊಳ್ಳಲು ಯಾರೂ ಅಡ್ಡ ಬಂದಿರಲಿಲ್ಲ. ಎರಡನೆಯ ವಾದ ಇನ್ನೂ ಗಟ್ಟಿ: 'ಕಳಿಸಾಕ ಖರ್ಚೇನೈತ್ರಿ? ಸಾವಿರ ಮಂದಿಯೊಳಗ ಹತ್ತು ಮಂದಿ ಬಂದ್ರೂ ಲಾಭ.' ಬಂದ ಹತ್ತು ಮಂದಿಯ ಲೆಕ್ಕ ಎಲ್ಲರೂ ಇಡುತ್ತಾರೆ. ಉಳಿದವರಲ್ಲಿ ಎಷ್ಟು ಮಂದಿ ಸ್ಪ್ಯಾಮ್ ಗುಂಡಿ ಒತ್ತಿದರು ಎಂಬ ಲೆಕ್ಕ ಗೂಗಲ್ ಇಡುತ್ತದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ಮೇಲಿನ ದೂರು ಶೇ. 0.3 ಮುಟ್ಟಬಾರದು, ಒಂದೇ ಒತ್ತಿನಲ್ಲಿ ಹೆಸರು ತೆಗೆಸಿಕೊಳ್ಳುವ ದಾರಿಯೂ ಇರಬೇಕು ಎಂದು 2024ರಲ್ಲಿ ಅದು ಕಟ್ಟು ಹಾಕಿತು. ಸಣ್ಣ ಅಂಗಡಿಗೆ ಆ ಕಟ್ಟು ತಾಗದಿರಬಹುದು, ಗುಂಡಿಯಂತೂ ಎಲ್ಲ ಗಿರಾಕಿಗಳ ಬೆರಳಡಿಯಲ್ಲೇ ಇದೆ. ಬಿಲ್ಲಿಗಾಗಿ ಮೊಬೈಲ್ ನಂಬರಿಗೆ ಪಟ್ಟು ಹಿಡಿಯಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಹೇಳಿದೆ. ಸಾಹುಕಾರರಿಗೆ ಅದು ತಲುಪಿಲ್ಲ. ಪಾಪ, ಇಲಾಖೆಯ ಪಟ್ಟಿಯಲ್ಲಿ ಇವರ ನಂಬರ್ ಇರಲಿಲ್ಲವೇನೋ!

ಹಾಗಾದರೆ ಪಟ್ಟಿಯೇ ದಂಡವೇ? ಅಲ್ಲ. ಸಂಡೂರಿನ ಲಂಬಾಣಿ ಕಸೂತಿಯನ್ನೇ ನೋಡಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಕೈಯಿಂದ ಬಂದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಕನ್ನಡಿ ಚೂರು, ಕವಡೆ ಕೂಡಿಸಿ ಹೊಲಿದ ಅಂಥದೊಂದು ಚೀಲ ಕೊಂಡವಳು ಬೆಂಗಳೂರಿನಲ್ಲಿರಲಿ, ಬರ್ಲಿನ್ನಿನಲ್ಲಿರಲಿ, ಇನ್ನೊಂದಕ್ಕಾಗಿ ಸಂಡೂರಿಗೆ ಬರಬೇಕಾಗಿಲ್ಲ, ಚೀಲವೇ ಅಂಚೆಯಲ್ಲಿ ಹೋಗುತ್ತದೆ. ತಾನಾಗಿ ಕೇಳಿ ವಿಳಾಸ ಬರೆಸಿದವಳಿಗೆ ಹೊಸ ಸರಕು ಬಂದಾಗ ವರ್ಷಕ್ಕೆ ಎರಡು ಪತ್ರ ಹೋದರೆ ಅದು ಸುದ್ದಿ. ಟವೆಲ್ ಕೊಂಡವನಿಗೆ ವಾರಕ್ಕೆ ಮೂರು ಹೋದರೆ ಕಾಟ.

ಇಷ್ಟೆಲ್ಲ ವಿವರಿಸಿದರೂ ಸಾಹುಕಾರರು ಜಗ್ಗುವ ಆಸಾಮಿಯಲ್ಲ. ಬೇಸತ್ತ ಗಿರಾಕಿಯೊಬ್ಬ 'ನನ್ನ ಹೆಸರು ತೆಗೆಯಿರಿ' ಎಂದು ಬರೆದನೆನ್ನಿ. ಇವರಿಗೆ ಹಿಗ್ಗೋ ಹಿಗ್ಗು, ಇಷ್ಟು ವರ್ಷಕ್ಕೆ ಒಬ್ಬನಾದರೂ ಉತ್ತರ ಬರೆದನಲ್ಲ! ಅವನ ಹೆಸರಿಗೆ ಹಸಿರು ಗೆರೆ ಎಳೆದು 'ಖಾಸಾ ಗಿರಾಕಿ' ಎಂದು ಗುರುತಿಸಿ, ಕೂಡಲೇ ಫೋನು ಹಚ್ಚುತ್ತಾರೆ: 'ತ್ರಾಸ ಆತೇನ್ರಿ? ಆ ನಂಬರ್ ತಗೀತೀನಿ ಬಿಡ್ರಿ. ಮನ್ಯಾಗಿನವ್ರದು ಒಂದು ಕೊಡ್ರಿ.'