ಮರ ಹತ್ತಿದ ಮಷೀನು

ತಿಂಗಳ ಕೊನೆಯ ವಾರ. ರೇಷನ್ ಅಂಗಡಿಯ ಮುಂದೆ ಖಾಲಿ ಚೀಲಗಳ ಸಾಲು, ಒಳಗೆ ಮೇಜಿನ ಮೇಲೆ ಹೆಬ್ಬೆಟ್ಟಿನ ಮಷೀನು. ಎಂದಿನಂತೆ ಸರ್ವರ್ ಕೈಕೊಟ್ಟಿದ್ದರಿಂದ ಅದಕ್ಕೂ ಬಿಡುವಿತ್ತು. ಅಂಕಣಕಾರರು ಸ್ಟೂಲು ಎಳೆದುಕೊಂಡು ಕುಶಲ ವಿಚಾರಿಸಿದರು.

‘ಕುಶಲ ಎಲ್ಲಿಂದ ಬರ್ಬೇಕು ಸ್ವಾಮಿ? ಕೈಕೊಡೋದು ಸರ್ವರ್ರು, ಬೈಸ್ಕೊಳ್ಳೋದು ನಾನು. ಅದು ಎಸಿ ರೂಮಲ್ಲಿ ತಣ್ಣಗಿದೆ, ನಾನಿಲ್ಲಿ ಅಕ್ಕಿ ಧೂಳು ಕುಡೀತಿದೀನಿ. ರಾಜಸ್ಥಾನದ ಉದಯಪುರ ಜಿಲ್ಲೇಲಿ ಸಿಗ್ನಲ್ ಸಿಗ್ಲಿ ಅಂತ ನಮ್ಮವರನ್ನ ಮರ ಹತ್ತಿಸಿದ್ರು. ಸರ್ವರನ್ನ ಯಾರಾದ್ರೂ ಮರ ಹತ್ತಿಸಿದಾರಾ?’

2013ರ ಆಹಾರ ಭದ್ರತಾ ಕಾಯ್ದೆ ತಲೆಗೆ 5 ಕೆ.ಜಿ. ಎನ್ನುತ್ತದೆ, ಬೆಟ್ಟು ಸರಿಹೊಂದಿದ ಮೇಲೂ ತೂಕದಲ್ಲಿ ಹೊಡೆದರೆ?

‘ಅದು ತಕ್ಕಡಿಯವರನ್ನ ಕೇಳಿ. ನಾನು ಹೇಳ್ತಿದ್ದಿದ್ದು, ಆ ಸರ್ವರ್ರು...’

ಗಾರೆ ಕಲಸಿ, ಬೀಡಿ ಕಟ್ಟಿ ಗೆರೆ ಸವೆದವರ ಗತಿ? ಸರ್ಕಾರಿ ಸೇವೆಗಳಲ್ಲಿ ಶೇ. 12ರಷ್ಟು ದೃಢೀಕರಣ ವಿಫಲವಾಗುತ್ತದೆಂದು 2018ರಲ್ಲಿ ಆಧಾರ್ ಪ್ರಾಧಿಕಾರದ ಮುಖ್ಯಸ್ಥರೇ ಸುಪ್ರೀಂ ಕೋರ್ಟಿಗೆ ತಿಳಿಸಿದ್ದರಲ್ಲ?

‘ಸರ್ವರ್ರೇ ಇರ್ಬೇಕು.’

ಈ ಅಂಕಣಕಾರರು ಏನೇ ಬರೆಯಲು ಕೂತರೂ ಕೊನೆಗೆ ಬಂದು ನಿಲ್ಲುವುದು ಇನ್ನೂರು ರೂಪಾಯಿಗೆ. ಇಲ್ಲೂ ತಡೆದುಕೊಳ್ಳಲಾಗಲಿಲ್ಲ. 79 ವರ್ಷದವರೆಗಿನವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 2007ರಲ್ಲೂ 200 ರೂಪಾಯಿ, ಇಂದಿಗೂ 200. ಮೇಲಿನದ್ದೆಲ್ಲ ರಾಜ್ಯಗಳು ತುಂಬಿಕೊಳ್ಳಬೇಕು. ಅತ್ತ ಮಾಜಿ ಸಂಸದರ ಪಿಂಚಣಿಗೆ ಬೆಲೆಯೇರಿಕೆಯ ಲೆಕ್ಕ ತಪ್ಪದೆ ಬರುತ್ತದೆ. 2025ರ ಮಾರ್ಚ್‌ನಲ್ಲಿ ಅದು 25,000ದಿಂದ 31,000ಕ್ಕೇರಿತು. ಅವರೆಲ್ಲಿ ಬೆಟ್ಟು ಒತ್ತುತ್ತಾರೆ?

‘ಪಿಂಚಣಿ ನನ್ನ ಇಲಾಖೆ ಅಲ್ಲ. ನಾನು ಬಂದಿರೋದು ಕಳ್ಳರನ್ನ ಹಿಡಿಯೋಕೆ.’

ಕಳ್ಳರು. 2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಹುಡುಗಿ ಸತ್ತಳು. ಆಧಾರ್ ಜೋಡಿಸಿಲ್ಲವೆಂದು ಆ ಮನೆಯ ಪಡಿತರ ಚೀಟಿ ರದ್ದಾಗಿತ್ತು. ಅನ್ನ ಕೇಳುತ್ತಲೇ ಮಗಳು ಸತ್ತಳೆಂದು ತಾಯಿ ಹೇಳಿದಳು. ಮಲೇರಿಯಾ ಎಂದಿತು ಆಡಳಿತ. ಮಲೇರಿಯಾವೇ ಇರಲಿ, ಉಣ್ಣಲಿಲ್ಲದ ಮನೆಯ ಚೀಟಿ ಕಿತ್ತವರು ಯಾರು? ಆಧಾರ್ ಇಲ್ಲವೆಂದಾಗಲಿ, ಬೆಟ್ಟು ಹೊಂದಲಿಲ್ಲವೆಂದಾಗಲಿ ಯಾರನ್ನೂ ಬರಿಗೈಲಿ ಕಳಿಸಬೇಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಸೌಲಭ್ಯ ಕೊಡಿ ಎಂಬ ಪ್ರಾಧಿಕಾರದ ಸುತ್ತೋಲೆ ಹೊರಬಿದ್ದದ್ದು ಅಕ್ಟೋಬರ್ 24ಕ್ಕೆ. ಅಷ್ಟರಲ್ಲಿ ಹುಡುಗಿ ಹೋಗಿ ತಿಂಗಳಾಗುತ್ತ ಬಂದಿತ್ತು.

ಮಷೀನು ಕೀಂ ಎಂದಿತು. ಸರ್ವರ್ ಬಂದಿತ್ತು. ಸಾಲಿನ ಮೊದಲ ಅಜ್ಜಿ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದರು. ಆಗಲಿಲ್ಲ. ಎಡಗೈ; ಅದೂ ಇಲ್ಲ.

‘ನಾಳೆ ಬಾ ಅಜ್ಜಿ,’ ಎಂದ ಅಂಗಡಿಯವನು.

ರಿಜಿಸ್ಟರಿನಲ್ಲಿ ಬರೆದುಕೊಂಡು ಇವತ್ತೇ ಕೊಡಬಹುದಲ್ಲ ಎಂದರು ಅಂಕಣಕಾರರು.

‘ಯಾವ ರಿಜಿಸ್ಟರು ಸಾರ್?’