ವ್ಯಾಟಿನ ಜಂಬ

ಮನೆಯಲ್ಲಿ ಸ್ಟೀರಿಯೋ ಇಟ್ಟುಕೊಂಡವರನ್ನು ಬಂದ ನೆಂಟರು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ವ್ಯಾಟು?’ ಯಾರ ಹಾಡು ಕೇಳ್ತೀರಿ ಎಂದು ವಿಚಾರಿಸುವವರಿಲ್ಲ. ಇಪ್ಪತ್ತು ಎಂದರೆ ಪಾಪ ಎನ್ನುವ ಮುಖ ಮಾಡಿ ಕಾಫಿ ಲೋಟಕ್ಕೆ ಕೈ ಹಾಕುತ್ತಾರೆ. ನೂರು ಎಂದರೆ ಕೂತಲ್ಲೇ ನೆಟ್ಟಗಾಗುತ್ತಾರೆ. ಸಂಬಳ ಕೇಳಬಾರದು, ವಯಸ್ಸು ಕೇಳಬಾರದು ಎಂದು ಹಿರಿಯರು ಕಟ್ಟುಮಾಡಿದ್ದಾರೆ. ವ್ಯಾಟು ಕೇಳಬಾರದು ಎಂದು ಸೇರಿಸುವಷ್ಟರಲ್ಲಿ ಅವರ ಕಾಲ ಮುಗಿದಿತ್ತು.

ಈ ಹುಚ್ಚನ್ನು ನಮಗೆ ಹತ್ತಿಸಿದ್ದು ತೊಂಬತ್ತರ ದಶಕದ ಟೂ-ಇನ್-ವನ್‌ಗಳು. ರಟ್ಟಿನ ಪೆಟ್ಟಿಗೆಯ ಮೇಲೆ ಬೆಂಕಿಯ ಬಣ್ಣದಲ್ಲಿ ‘1000 ವ್ಯಾಟ್ ಪಿಎಂಪಿಓ’ ಎಂದು ಬರೆದಿರುತ್ತಿತ್ತು. ಅದೇ ಯಂತ್ರದ ಬೆನ್ನು ತೆಗೆದರೆ ಆರು ದಪ್ಪ ಟಾರ್ಚ್ ಸೆಲ್ ಹಾಕುವ ಜಾಗ. ಆರು ಸೆಲ್ಲು ಸೇರಿದರೆ 9 ವೋಲ್ಟು. 9 ವೋಲ್ಟಿನಲ್ಲಿ 1000 ವ್ಯಾಟು ಹೊರಡಬೇಕಾದರೆ ನೂರು ಆಂಪಿಯರಿಗೂ ಹೆಚ್ಚು ಕರೆಂಟು ಹರಿಯಬೇಕು. ಟಾರ್ಚ್ ಸೆಲ್ಲಿಗೆ ಅಷ್ಟು ಶಕ್ತಿ ಇದ್ದಿದ್ದರೆ ಹಳ್ಳಿಯ ಪಂಪ್‌ಸೆಟ್ಟುಗಳು ತ್ರೀ ಫೇಸಿಗಾಗಿ ಮಧ್ಯರಾತ್ರಿವರೆಗೆ ಯಾಕೆ ಕಾಯಬೇಕಿತ್ತು? 1000 ವ್ಯಾಟು ಎಂದರೆ ಇಸ್ತ್ರಿ ಪೆಟ್ಟಿಗೆ. ಆ ಟೂ-ಇನ್-ವನ್ ಹೇಳಿದ್ದು ನಿಜವಾಗಿದ್ದರೆ ಸುಪ್ರಭಾತ ಮುಗಿಯುವಷ್ಟರಲ್ಲಿ ಅದರ ಮೇಲೆ ಒಂದು ಪಂಚೆ ಇಸ್ತ್ರಿ ಮಾಡಿ ಮಡಿಸಿಡಬಹುದಿತ್ತು.

ಪಿಎಂಪಿಓ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಎಂದೂ ಇರಲಿಲ್ಲ, ತಯಾರಿಸಿದವನ ಧೈರ್ಯವೇ ಅದರ ಅಳತೆ. ಎಡೆಬಿಡದೆ ಎಷ್ಟು ಕೊಡಬಲ್ಲದು ಎಂದು ಹೇಳುವುದು ಆರ್‌ಎಂಎಸ್ ಎಂದು ಬರೆಯುವ ಸಣ್ಣ ಅಂಕಿ, ಅದನ್ನು ಹುಡುಕಲು ಕನ್ನಡಕ ಬೇಕು. ಅಮೆರಿಕದಲ್ಲೂ ಈ ಉತ್ಪ್ರೇಕ್ಷೆ ಮಿತಿಮೀರಿ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಮನೆಬಳಕೆಯ ಆಂಪ್ಲಿಫೈಯರಿನ ವ್ಯಾಟನ್ನು ಹೇಗೆ ಅಳೆದು ಹೇಳಬೇಕೆಂದು ನಿಯಮವನ್ನೇ ಮಾಡಿತು. ಸರ್ಕಾರ ಬಂದು ‘ನೀನು ನಿಜವಾಗಿ ಎಷ್ಟು ವ್ಯಾಟು?’ ಎಂದು ಕೇಳಬೇಕಾದ ಸ್ಥಿತಿ.

ನಮ್ಮ ಭಾವ ಈ ನಿಯಮಗಳಿಗೆಲ್ಲ ಅತೀತರು. ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ಯಾವುದನ್ನು ಕೊಂಡರೂ ಅಂಕಿ ನೋಡಿಯೇ ಕೊಳ್ಳುವವರು. ನಿವೃತ್ತಿಯ ದುಡ್ಡು ಕೈಗೆ ಬಂದ ಕೂಡಲೇ ಚಾನೆಲಿಗೆ 100 ವ್ಯಾಟಿನ ಆಂಪ್ಲಿಫೈಯರ್ ತಂದರು. ಎತ್ತಿ ಒಳಗಿಡಲು ಇಬ್ಬರು ಬೇಕಾಯಿತು. ಅದಕ್ಕೆ ಜೊತೆಯಾಗಿ, ಅಕ್ಕನ ಷೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕ ಕೂರುವಂಥ ಎರಡು ಪುಟ್ಟ ಸ್ಪೀಕರ್ ತಂದರು. ಫೋನು ಮಾಡಿ ಕೇಳಿದ್ದು ಒಂದೇ ಮಾತು: ‘ಏನಯ್ಯಾ, ನಿನ್ನದು ಇನ್ನೂ ಅದೇ ಇಪ್ಪತ್ತೇನೋ?’

ನನ್ನದು ಇಪ್ಪತ್ತೇ. ಎಸ್.ಪಿ. ರೋಡಿನ ಒಂದು ಮಹಡಿ ಅಂಗಡಿಯಲ್ಲಿ, ಬೆಸುಗೆಯ ಹೊಗೆಯ ನಡುವೆ ಕೂತ ಒಬ್ಬರು ಜೋಡಿಸಿಕೊಟ್ಟದ್ದು. ಬೆಲೆ ಹೇಳುವ ಮೊದಲು ಅವರು ಕೇಳಿದ್ದು, ‘ಸ್ಪೀಕರ್ ಯಾವುದಿದೆ ಸಾರ್? ಎಷ್ಟು ಓಮು? ರೂಮು ಎಷ್ಟು ದೊಡ್ಡದು?’ ವ್ಯಾಟಿನ ಸುದ್ದಿಯನ್ನೇ ಎತ್ತದ ಆಂಪ್ಲಿಫೈಯರ್ ವ್ಯಾಪಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಹೆಣ್ಣು ಗಂಡಿನ ಸಾಲಾವಳಿ ನೋಡುವ ಪುರೋಹಿತರು ವರನ ಸಂಬಳದ ಗೋಜಿಗೆ ಹೋಗದೆ ನಕ್ಷತ್ರ ಪಾದ ಕೇಳುತ್ತಾರಲ್ಲ, ಹಾಗೆ. ಅಲ್ಲಿ ಮೂವತ್ತಾರರಲ್ಲಿ ಹದಿನೆಂಟು ಬಂದರೆ ಮುಂದುವರಿಯಬಹುದು. ಇಲ್ಲಿ ನೋಡಬೇಕಾದ ಕೂಟ ಎರಡು ಮೂರೇ, ಆದರೆ ಒಂದು ತಪ್ಪಿದರೂ ಹೊಗೆ ಬರುತ್ತದೆ.

ಮೊದಲನೆಯದು ಓಮು. (ಓಮಿಗೂ ಓಂಕಾರಕ್ಕೂ ಗಂಟುಹಾಕುವ ಜೋಕುಗಳನ್ನೆಲ್ಲ ಭಾವ ಮಾಡಿ ಮುಗಿಸಿದ್ದಾರೆ, ಓದುಗರು ನೆಮ್ಮದಿಯಾಗಿರಬಹುದು.) ಅದು 1827ರಲ್ಲಿ ವೋಲ್ಟು, ಕರೆಂಟು, ತಡೆಗಳ ಲೆಕ್ಕವನ್ನು ಪುಸ್ತಕ ಮಾಡಿ ಅಚ್ಚುಹಾಕಿಸಿದ ಜರ್ಮನಿಯ ಶಾಲಾ ಮೇಷ್ಟರೊಬ್ಬರ ಹೆಸರು. ಸ್ಪೀಕರಿನ ಹಿಂದೆ 8 ಓಮ್ ಎಂದೋ 4 ಓಮ್ ಎಂದೋ ಬರೆದಿರುತ್ತದೆ. ಓಮು ಕಡಿಮೆಯಾದಷ್ಟೂ ಸ್ಪೀಕರು ಹೆಚ್ಚು ಕರೆಂಟು ಎಳೆಯುತ್ತದೆ. 8 ಓಮಿಗೆ ಮಾಡಿದ ಆಂಪ್ಲಿಫೈಯರಿಗೆ 4 ಓಮ್ ಕಟ್ಟಿದರೆ ಅದು ಮೊದಲು ಬಿಸಿಯಾಗುತ್ತದೆ, ಆಮೇಲೆ ವಾಸನೆ ಬರುತ್ತದೆ, ಆಮೇಲೆ ಎಸ್.ಪಿ. ರೋಡಿನ ದಾರಿ ಹಿಡಿಯಬೇಕಾಗುತ್ತದೆ.

ಭಾವ ಮಲ್ಟಿಮೀಟರು ಹಿಡಿದ ಬ್ಯಾಂಕಿನವರು. ಹೊಸ ಸ್ಪೀಕರಿಗೆ ಚುಚ್ಚಿ ನೋಡಿದರು. ಹಿಂದೆ 8 ಎಂದು ಬರೆದಿದೆ, ಮೀಟರು 6 ತೋರಿಸುತ್ತಿದೆ. ಎರಡು ಓಮು ಕಡಿಮೆ! ತೂಕದಲ್ಲಿ ಮೋಸವಾದ ಗಿರಾಕಿಯ ಕೋಪದಲ್ಲಿ ಅಂಗಡಿಗೆ ಹೋಗಿ ಬಾಕಿ ಎರಡು ಓಮು ಕೊಡಿ ಎಂದು ಕೂತರು. ಅಂಗಡಿಯ ಹುಡುಗ ಒಳಗಿನಿಂದ ಒಂದೊಂದೇ ಸ್ಪೀಕರ್ ತಂದು ಮೀಟರಿಗೆ ಇಟ್ಟ. ಎಲ್ಲವೂ ಆರರ ಆಸುಪಾಸೇ. ಮೀಟರು ಅಳೆಯುವುದು ಕಾಯಿಲಿನ ತಂತಿಯ ಬರಿಯ ತಡೆಯನ್ನು. ಹಾಡು ಹರಿಯುವಾಗ ತಡೆ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ, ಒಂದು ಕಡೆ ಐದಕ್ಕೆ ಕುಸಿದರೆ ಇನ್ನೊಂದು ಕಡೆ ಮೂವತ್ತಕ್ಕೆ ನೆಗೆಯಬಹುದು. 8 ಎನ್ನುವುದು ಗುರುತಿಗಾಗಿ ಇಟ್ಟ ಅಂಕಿ. ಇದನ್ನು ಆ ಹುಡುಗ ವಿನಯದಿಂದಲೇ ವಿವರಿಸಿದ. ಭಾವ ನಂಬಲಿಲ್ಲ, ಆದರೆ ಎದ್ದು ಬಂದರು.

ಎರಡನೆಯ ಕೂಟ ಸ್ಪೀಕರಿನ ಸಂವೇದನೆ. ಇದನ್ನು ಯಾವ ನೆಂಟರೂ ಕೇಳುವುದಿಲ್ಲ, ಅಸಲು ವಿಷಯವೆಲ್ಲ ಇಲ್ಲೇ ಇದೆ. ಸ್ಪೀಕರಿಗೆ ಒಂದೇ ಒಂದು ವ್ಯಾಟು ಕೊಟ್ಟು ಒಂದು ಮೀಟರು ದೂರದಲ್ಲಿ ನಿಂತರೆ ಎಷ್ಟು ಡೆಸಿಬೆಲ್ ಕೇಳಿಸುತ್ತದೆ ಎನ್ನುವ ಅಂಕಿ ಅದು. ಭಾವನ ಪುಟ್ಟ ಸ್ಪೀಕರಿಗೆ 84. ನನ್ನ ಹಳೆಯ ದೊಡ್ಡ ಪೆಟ್ಟಿಗೆಗಳಿಗೆ 90. ಆರೇ ತಾನೆ ವ್ಯತ್ಯಾಸ ಎನ್ನಬೇಡಿ. ಪ್ರತಿ 3 ಡೆಸಿಬೆಲಿಗೆ ವ್ಯಾಟು ದುಪ್ಪಟ್ಟು ಬೇಕು, ಆರಕ್ಕೆ ನಾಲ್ಕು ಪಟ್ಟು. ಅಂದರೆ ನನ್ನ 20 ವ್ಯಾಟು ಮಾಡುವ ಸದ್ದನ್ನು ಮಾಡಲು ಭಾವನಿಗೆ 80 ಬೇಕು. ಅವರ 100 ಪೂರ್ತಿ ಸುರಿದರೂ ನನಗಿಂತ ಅವರು ಮುಂದಿರುವುದು ಒಂದೇ ಡೆಸಿಬೆಲ್ ಮಾತ್ರ. ಒಂದು ಡೆಸಿಬೆಲ್ ವ್ಯತ್ಯಾಸವನ್ನು ಹಾಡಿನ ನಡುವೆ ಗುರುತಿಸಬಲ್ಲ ಕಿವಿ ನಮ್ಮ ವಂಶದಲ್ಲಿ ಹುಟ್ಟಿಲ್ಲ. ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಬ್ಯಾಂಕಿನವರಾದ್ದರಿಂದ ಕೂಡಿ ಕಳೆದು ನೋಡಿದರು, ತಪ್ಪು ಸಿಗಲಿಲ್ಲ. ‘ಇರಲಿ, ನೂರು ನೂರೇ’ ಎಂದರು.

ಸ್ಪೀಕರು ಇಷ್ಟು ಬಡವಾಗುವುದು ಯಾಕೆ? ಷೋಕೇಸಿನಿಂದ. 1946ರಲ್ಲಿ ಪಾಲ್ ಕ್ಲಿಪ್ಷ್ ಎಂಬ ಅಮೆರಿಕನ್ ಎಂಜಿನಿಯರ್ ತನ್ನ ಕ್ಲಿಪ್ಷ್‌ಹಾರ್ನನ್ನು ಮಾರತೊಡಗಿದಾಗ ಅದು ಕೋಣೆಯ ಮೂಲೆಯನ್ನೇ ಕಹಳೆಯ ಭಾಗವಾಗಿ ಬಳಸುವ ದೈತ್ಯ ಪೆಟ್ಟಿಗೆಯಾಗಿತ್ತು. ಒಂದು ವ್ಯಾಟು ಕೊಟ್ಟರೆ ನೂರಕ್ಕೂ ಹೆಚ್ಚು ಡೆಸಿಬೆಲ್ ಕೂಗುತ್ತಿತ್ತು. ಆದರೆ ಸ್ಟೀರಿಯೋ ಬೇಕೆಂದರೆ ಅದಕ್ಕೆ ಎರಡು ಮೂಲೆ ಬಿಟ್ಟುಕೊಡಬೇಕು. ನಮ್ಮ ಮನೆಗಳಲ್ಲಿ ಒಂದು ಮೂಲೆಯಲ್ಲಿ ಬೀರು, ಇನ್ನೊಂದರಲ್ಲಿ ಮಡಿಸಿಟ್ಟ ಹಾಸಿಗೆ. 1954ರಲ್ಲಿ ಎಡ್ಗರ್ ವಿಲ್ಚರ್ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಚಿಕ್ಕ ಡಬ್ಬಿಯಿಂದ ಆಳವಾದ ಬೇಸ್ ತೆಗೆದ. ಅಮೆರಿಕದ ಗೃಹಿಣಿಯರು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಆ ಡಬ್ಬಿ ವ್ಯಾಟು ನುಂಗುತ್ತಿತ್ತು. ಮುಂದೆ ಟ್ರಾನ್ಸಿಸ್ಟರು ಬಂದು ವ್ಯಾಟು ಅಗ್ಗವಾದ ಮೇಲೆ ಎಲ್ಲರೂ ಡಬ್ಬಿ ಚಿಕ್ಕದು ಮಾಡಿದರು, ವ್ಯಾಟು ಏರಿಸಿದರು. ಭಾವನ ಆಂಪ್ಲಿಫೈಯರಿನ ಭಾರಕ್ಕೂ ಅಕ್ಕನ ಷೋಕೇಸಿನ ಅಳತೆಗೂ ಇರುವ ಸಂಬಂಧ ಇದು.

ಪ್ರಸಿದ್ಧ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ನನ ಮಗ ಆಂಟನ್ ಹಾಫ್‌ಮನ್ ಸ್ಪೀಕರ್ ಕಂಪನಿ ಕಟ್ಟಿದವರಲ್ಲಿ ಒಬ್ಬ. ಅವನ ಹೆಸರಿನಲ್ಲಿ ಒಂದು ಉಕ್ಕಿನ ನಿಯಮವೇ ಇದೆ: ಚಿಕ್ಕ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವ್ಯಾಟಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಯಾವುದಾದರೂ ಎರಡು ಆರಿಸಿಕೊ, ಮೂರನೆಯದನ್ನು ಬಿಡು. ನಮ್ಮ ಮನೆಯಲ್ಲಿ ಪೆಟ್ಟಿಗೆ ಚಿಕ್ಕದಿರಲಿ ಎನ್ನುವುದು ಹೆಂಡತಿಯ ಪಕ್ಷ. ಮೃದಂಗದ ತೊಪ್ಪಿಯ ಗುಂಕಾರ ಎದೆಗೆ ತಟ್ಟಬೇಕು ಎನ್ನುವುದು ನನ್ನದು. ಕಡಿಮೆ ವ್ಯಾಟಿನ ಪಕ್ಷ ಕಿಸೆಯದು. ‘ರೀ, ಇದರಲ್ಲಿ ಒಂದನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದರೆ ಯಾವ ನಿಯಮ ಮುರಿಯುತ್ತೆ?’ ಎಂದು ನನ್ನಾಕೆ ಕೇಳಿದಳು. ಹಾಫ್‌ಮನ್ನನ ಬಳಿ ಇದಕ್ಕೆ ಉತ್ತರ ಇದ್ದಂತಿಲ್ಲ.

ಹಾಗೆಂದು ವ್ಯಾಟು ಬೇಡವೇ ಬೇಡ ಎನ್ನುವ ವೈರಾಗ್ಯವೂ ಸಲ್ಲದು. ಹತ್ತಡಿ ದೂರದ ಸೋಫಾದಲ್ಲಿ ಕೂತು ಆಲಾಪನೆ ಕೇಳುವಾಗ ಖರ್ಚಾಗುವುದು ಒಂದು ವ್ಯಾಟಿಗೂ ಕಡಿಮೆ. ಆದರೆ ತನಿ ಆವರ್ತನದಲ್ಲಿ ವಿದ್ವಾಂಸರು ಒಮ್ಮೆ ಬಲವಾಗಿ ತಟ್ಟಿದರೆ ಆ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರಬಹುದು, ಅಂದರೆ ಕ್ಷಣಕಾಲಕ್ಕೆ ನೂರು ಪಟ್ಟು ವ್ಯಾಟು. ಅಲ್ಲಿ ಆಂಪ್ಲಿಫೈಯರಿನ ಕೈ ಸಾಲದೆ ಹೋದರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಹುಡುಗರು ಮೈಕ್ ಸೆಟ್ಟಿನ ಬಾಡಿಗೆ ಉಳಿಸಲು ಯಾರದೋ ಮನೆಯ ಸ್ಟೀರಿಯೋ ತಂದು ಪೆಂಡಾಲಿನಲ್ಲಿಟ್ಟರು. ವಾಲ್ಯೂಮ್ ತಿರುಗಿಸುವಷ್ಟು ತಿರುಗಿಸಿದರು. ಗಣಪತಿ ನೀರಿಗೆ ಹೋಗುವ ಮೊದಲೇ ಎರಡೂ ಟ್ವೀಟರು ಹೋದವು. ಸ್ಪೀಕರಿನ ಮೇಲೆ 60 ವ್ಯಾಟ್ ಎಂದು ಬರೆದಿತ್ತು, ಆಂಪ್ಲಿಫೈಯರು ಬರೀ 25ರದು, ಹೇಗೆ ಸುಟ್ಟಿತು ಎಂದು ಬೀದಿಯೆಲ್ಲ ಚರ್ಚೆ. ಸುಟ್ಟಿದ್ದು ಅದಕ್ಕೇ. ಕತ್ತರಿಸಿದ ಅಲೆಯಲ್ಲಿ ಕೀಚಲು ಸ್ವರಗಳ ಶಕ್ತಿ ವಿಪರೀತ ಹೆಚ್ಚುತ್ತದೆ, ಅದೆಲ್ಲ ನೇರ ಹೋಗಿ ಬೀಳುವುದು ಕೂದಲೆಳೆಯಂಥ ತಂತಿ ಸುತ್ತಿದ ಟ್ವೀಟರಿನ ಮೇಲೆ. ಬಲಾಢ್ಯ ಆಂಪ್ಲಿಫೈಯರಿಗಿಂತ ಕಿರುಚುವ ಬಡಕಲು ಆಂಪ್ಲಿಫೈಯರೇ ಸ್ಪೀಕರಿಗೆ ಹೆಚ್ಚು ಅಪಾಯಕಾರಿ ಎಂದರೆ ಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಒಪ್ಪಿದವರು ಮಾರನೆಯ ದಿನ ಬಂದ ಮೈಕ್ ಸೆಟ್ಟಿನವರೊಬ್ಬರೇ. ಅವರಿಗೆ ಈ ಓಮಿನ ತಲೆನೋವೇ ಇಲ್ಲ. 100 ವೋಲ್ಟ್ ಲೈನು, ಪ್ರತಿ ಹಾರ್ನಿಗೂ ಅದರದೇ ಟ್ರಾನ್ಸ್‌ಫಾರ್ಮರು, ಎಷ್ಟು ಹಾರ್ನಿದೆಯೋ ಅಷ್ಟರ ವ್ಯಾಟು ಕೂಡಿಸಿದ್ದು ಆಂಪ್ಲಿಫೈಯರಿನ ವ್ಯಾಟಿನೊಳಗೆ ಇದ್ದರೆ ಆಯಿತು. ಊರ ಜಾತ್ರೆಯೆಲ್ಲ ಹೀಗೆ ನಡೆಯುತ್ತದೆ. ಮನೆಯ ಹಾಲಿನಲ್ಲಿ ಎರಡು ಸ್ಪೀಕರ್ ಇಟ್ಟುಕೊಂಡವರಿಗೇ ಇಷ್ಟೊಂದು ಶಾಸ್ತ್ರ.

ವ್ಯಾಟಿನಂತೆ ಕರೆಂಟು ಕೊಡುವ ತಾಕತ್ತೂ ಬೇಕು, ಅದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರು ಹೇಳಿಕೊಂಡದ್ದು ಚಾನೆಲಿಗೆ 20 ವ್ಯಾಟು ಅಷ್ಟೆ. ಕಷ್ಟದ ಸ್ಪೀಕರನ್ನು ಕಟ್ಟಿದರೂ ಎದೆಗುಂದದೆ ನುಡಿಸುತ್ತಿತ್ತು, ಇಂದಿಗೂ ಅದರ ಹೆಸರು ಹೇಳಿದರೆ ಸಂಗೀತದ ಹುಚ್ಚರು ಕೈ ಮುಗಿಯುತ್ತಾರೆ. ಇನ್ನು ಭಾವನ ಸಹೋದ್ಯೋಗಿಯೊಬ್ಬರು ವಾಲ್ವಿನ ಆಂಪ್ಲಿಫೈಯರ್ ಇಟ್ಟಿದ್ದಾರೆ. 8 ವ್ಯಾಟು, ಬೆಲೆ ಒಂದು ಸ್ಕೂಟರಿನದು. ಹಿಂಬದಿಯಲ್ಲಿ 4, 8, 16 ಓಮಿಗೆ ಬೇರೆ ಬೇರೆ ಕಿವಿ. ದನಿ ಬೆಚ್ಚಗಿದೆ ಎನ್ನುತ್ತಾರೆ. ಏಪ್ರಿಲಿನಲ್ಲಿ ಹೋಗಿದ್ದೆ, ಕೋಣೆಯೇ ಬೆಚ್ಚಗಿತ್ತು.

ಭಾವ ಅಲ್ಲಿಗೆ ನಿಲ್ಲಲಿಲ್ಲ. ದೇವರ ಮನೆಗೂ ಸುಪ್ರಭಾತ ಕೇಳಬೇಕೆಂದು ಇನ್ನೊಂದು ಜೊತೆ ಸ್ಪೀಕರು ತಂದು ಅದೇ ಆಂಪ್ಲಿಫೈಯರಿಗೆ ಸಮಾನಾಂತರವಾಗಿ ಕಟ್ಟಿಸಿದರು. ಎಂಟಕ್ಕೆ ಎಂಟು ಹೀಗೆ ಸೇರಿದರೆ ಹದಿನಾರಲ್ಲ, ನಾಲ್ಕು. ಎಲೆಕ್ಟ್ರಿಷಿಯನ್ ಗೋಡೆಯೊಳಗೆ ಕಾಲಿಂಗ್ ಬೆಲ್ಲಿನ ತೆಳ್ಳಗಿನ ವೈರು ಎಳೆದು, ಒಂದು ಕಡೆ ಕೆಂಪಿಗೆ ಕೆಂಪು, ಇನ್ನೊಂದು ಕಡೆ ಕೆಂಪಿಗೆ ಕಪ್ಪು ಕೊಟ್ಟ. ‘ಎಸಿ ಅಲ್ವಾ ಸಾರ್, ಯಾವ ಕಡೆ ಕೊಟ್ರೂ ಓಡತ್ತೆ’ ಎಂದ. ಫ್ಯಾನು ಓಡುತ್ತದೆ, ಹೌದು. ಸ್ಪೀಕರಿನಲ್ಲಿ ಒಂದು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆದು ಬೇಸ್ ಮಾಯವಾಗುತ್ತದೆ. ಒಂದು ಟಾರ್ಚ್ ಸೆಲ್ಲಿನ ಪ್ಲಸ್ಸನ್ನು ಕೆಂಪಿಗೂ ಮೈನಸ್ಸನ್ನು ಕಪ್ಪಿಗೂ ಕ್ಷಣ ಮುಟ್ಟಿಸಿ ನೋಡಿದೆ. ವೂಫರು ಮುಂದೆ ಬರಬೇಕಾದ್ದು ಒಂದರಲ್ಲಿ ಹಿಂದೆ ಹೋಯಿತು. ಅದನ್ನೇನೋ ತಿರುಗಿಸಿದೆವು. ಆದರೆ ನಾಲ್ಕು ಓಮಿನ ಭಾರಕ್ಕೆ ಆ ನೂರು ವ್ಯಾಟಿನ ದೊರೆ ದಿನವೂ ಸುಪ್ರಭಾತದ ನಡುವೆ ಬಿಸಿಯೇರಿ, ಟಕ್ ಎಂದು ರಿಲೇ ಬಿಟ್ಟು ಮೌನ ಹಿಡಿಯುತ್ತಿತ್ತು. ಎಬ್ಬಿಸಬೇಕಾದ ಯಂತ್ರವೇ ದೇವರಿಗಿಂತ ಮೊದಲು ಮಲಗುತ್ತದೆ ಎಂದು ಅಕ್ಕ ತೀರ್ಪು ಕೊಟ್ಟಳು. ಈಗ ದೇವರ ಮನೆಯಲ್ಲಿ ಸಣ್ಣ ರೇಡಿಯೋ ಇದೆ.

ಹೊಸದಾಗಿ ಕೊಳ್ಳುವವರು ಸ್ಪೀಕರನ್ನು ಮೊದಲು ಆರಿಸಿ, ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗಲಿ. ಹಿಂದೆ ಬರೆದ ಓಮನ್ನೂ ಕೈಪಿಡಿಯಲ್ಲಿರುವ ಡೆಸಿಬೆಲನ್ನೂ ಓದಿ, ಆಮೇಲೆ ಅದಕ್ಕೆ ಒಪ್ಪುವ ಆಂಪ್ಲಿಫೈಯರ್ ಕೇಳಿ. ಬಾಯಿಪಾಠವಾಗಿರುವ ಒಂದು ಹಾಡನ್ನು ಜೊತೆಗೆ ಒಯ್ದು ಅಂಗಡಿಯಲ್ಲಿ ಅದನ್ನೇ ಹಾಕಿಸಿ. ಗ್ರಾನೈಟ್ ನೆಲ, ಬರಿಗೋಡೆಯ ಹಾಲಿದ್ದರೆ ಇನ್ನಷ್ಟು ವ್ಯಾಟಿಗೆ ಸುರಿಯುವ ದುಡ್ಡಿನಲ್ಲಿ ನವಲಗುಂದದ ಒಂದು ಜಮಖಾನ ತಂದು ಹಾಸಿ, ಸುಧಾರಣೆ ಅದರಲ್ಲೇ ಹೆಚ್ಚು. ಭಾವನ 100 ವ್ಯಾಟಿನ ಆಂಪ್ಲಿಫೈಯರು ಮಾರಾಟಕ್ಕಿದೆ. 8 ಓಮಿನ ಸ್ಪೀಕರ್ ಇರುವವರು ಮಾತ್ರ ವಿಚಾರಿಸಬೇಕು, ಎತ್ತಿಕೊಂಡು ಹೋಗಲು ಜೊತೆಗೊಬ್ಬರನ್ನು ಕರೆತರಬೇಕು.